ಸಂಪ್ರಬಂಧದಿಂದ ಸಾಕ್ಷ್ಯಕ್ಕೆ: ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಕನ್ನಡ ಭಾಷಾವಿಜ್ಞಾನದ ಕಾಲೇಜು ಬೋಧನೆ

ಪ್ರಸ್ತಾವನೆ

‘ಕನ್ನಡದ ಚತುರ್ಥೀ ವಿಭಕ್ತಿಪ್ರತ್ಯಯದ ರೂಪಭೇದಗಳನ್ನು ಉದಾಹರಣೆಗಳೊಡನೆ ವಿವರಿಸಿ’ ಎಂಬುದು ಪದವಿ ತರಗತಿಗಳಲ್ಲಿ ಕನ್ನಡ ಭಾಷಾರಚನೆಯನ್ನು ಬೋಧಿಸುವವರಿಗೆಲ್ಲ ಪರಿಚಿತವಾದ ಪ್ರಶ್ನೆ. ಪರೀಕ್ಷೆಯಲ್ಲಿ ಇದನ್ನು ಕೇಳಿದ್ದೇವೆ. ಆಂತರಿಕ ಮೌಲ್ಯಮಾಪನದ ಸಂಪ್ರಬಂಧಕ್ಕೂ ಕೊಟ್ಟಿದ್ದೇವೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ, ಮತ್ತು ಅಂಥ ಹಲವು ಸಾಧನಗಳು ವಿದ್ಯಾರ್ಥಿಗಳ ಮೊಬೈಲಿನಲ್ಲೇ ದೊರೆಯತೊಡಗಿದ ಮೇಲೆ, ಈ ಪ್ರಶ್ನೆಗೆ ಎರಡು ಪುಟದ ಕನ್ನಡ ಉತ್ತರವು ನಿಮಿಷದೊಳಗೆ ಸಿದ್ಧವಾಗುತ್ತದೆ. ಆ ಉತ್ತರ ಪೂರ್ತಿ ತಪ್ಪಾಗಿದ್ದಿದ್ದರೆ ನಮ್ಮ ಕೆಲಸ ಸುಲಭವಿತ್ತು. ಅದು ಬಹುಮಟ್ಟಿಗೆ ಸರಿಯಾಗಿರುತ್ತದೆ, ಪಠ್ಯಪುಸ್ತಕದ ಕ್ರಮದಲ್ಲೇ ಇರುತ್ತದೆ, ಕಾಗುಣಿತದ ದೋಷವಿಲ್ಲದೆ ಇರುತ್ತದೆ. ತೊಡಕು ಇರುವುದು ಅಲ್ಲಿಯೇ.

ಸಂಪ್ರಬಂಧವನ್ನು ಮನೆಯಲ್ಲಿ ಬರೆದು ತರುವಂತೆ ಹೇಳುವಾಗ ನಾವು ಒಂದು ಊಹೆಯನ್ನು ಬೆನ್ನಿಗಿಟ್ಟುಕೊಂಡಿದ್ದೆವು. ಬರೆದ ಉತ್ತರ ಇದೆಯೆಂದರೆ ಅದರ ಹಿಂದೆ ಓದಿದ, ಆರಿಸಿದ, ಹೊಂದಿಸಿದ ಮನಸ್ಸೊಂದು ಇದೆ ಎಂಬುದೇ ಆ ಊಹೆ. ಹಳೆಯ ವಿದ್ಯಾರ್ಥಿಯ ನೋಟ್ಸನ್ನು ನಕಲು ಮಾಡಿದವರೂ ಕನಿಷ್ಠ ಕೈಯಿಂದ ಬರೆಯುತ್ತಿದ್ದರು ಎಂಬುದೊಂದು ಸಮಾಧಾನವಿತ್ತು. ಈಗ ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ಅನುಮಾನವೇ ಇಲ್ಲಿ ನಡೆಯದು. ಹೊಗೆಯನ್ನು ಮಾತ್ರ ಬೇರೆಡೆಯಿಂದ ತರಿಸಿಕೊಳ್ಳಬಹುದಾಗಿದೆ.

ಈ ಸ್ಥಿತಿಯಲ್ಲಿ ಭಾಷಾವಿಜ್ಞಾನದ ತರಗತಿಗೆ ಇತರ ಮಾನವಿಕ ವಿಷಯಗಳಿಗಿಲ್ಲದ ಒಂದು ಅನುಕೂಲವಿದೆಯೆಂಬುದು ಈ ಲೇಖನದ ವಾದ. ನಮ್ಮ ಶಾಸ್ತ್ರದ ಮೂಲ ಆಕರವು ಗ್ರಂಥಾಲಯದಲ್ಲಿ ಇಲ್ಲ, ತರಗತಿಯ ಬೆಂಚಿನ ಮೇಲೆ ಕುಳಿತಿದೆ. ಕನ್ನಡವನ್ನು ಮನೆಮಾತಾಗಿ ಆಡುವ ವಿದ್ಯಾರ್ಥಿಯ ವ್ಯಾಕರಣಪ್ರಜ್ಞೆ, ಆಕೆಯ ಮನೆಯ ನುಡಿ, ತನ್ನ ತೀರ್ಮಾನಕ್ಕೆ ಆಕೆ ಕೊಡುವ ಕಾರಣ ಇವು ಬೇರೆ ಯಾರೂ ಬರೆದುಕೊಡಲಾಗದ ವಸ್ತುಗಳು. ಬೋಧನೆ ಮತ್ತು ಮೌಲ್ಯಮಾಪನಗಳು ಅವನ್ನೇ ಕೇಳುವಂತಾದರೆ ಯಂತ್ರದ ಸ್ಥಾನ ತಾನಾಗಿ ಬದಲಾಗುತ್ತದೆ. ಕನ್ನಡ ಭಾಷಾರಚನೆ ಹಾಗೂ ಉಪಭಾಷಾವಿಜ್ಞಾನದ ಪತ್ರಿಕೆಗಳಲ್ಲಿ ನಾವು ಮಾಡಿಕೊಂಡ ಕೆಲವು ಮಾರ್ಪಾಡುಗಳನ್ನು ಈ ದೃಷ್ಟಿಯಿಂದ ಮುಂದೆ ವಿವರಿಸಲಾಗಿದೆ.

ಪತ್ತೆದಾರಿಕೆಯ ದಾರಿ ಏಕೆ ಬೇಡ

ಮೊದಲು ಹೊಳೆಯುವ ಪರಿಹಾರವೆಂದರೆ ಯಂತ್ರಬರಹವನ್ನು ಪತ್ತೆಹಚ್ಚುವ ಇನ್ನೊಂದು ಯಂತ್ರವನ್ನು ತರುವುದು. ಈ ದಾರಿಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಓಪನ್‌ಎಐ ಸಂಸ್ಥೆ ತಾನೇ ರೂಪಿಸಿದ್ದ ಪತ್ತೆಸಾಧನವನ್ನು ನಿಖರತೆ ಸಾಲದೆಂಬ ಕಾರಣಕ್ಕೆ 2023ರ ಜುಲೈಯಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಏಳು ಪತ್ತೆಸಾಧನಗಳಿಗೆ ಒಪ್ಪಿಸಲಾಯಿತು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಶೇ. 61ರಷ್ಟನ್ನು ಸಾಧನಗಳು ಯಂತ್ರಬರಹವೆಂದು ಗುರುತಿಸಿದವು. ಸೀಮಿತ ಪದಸಂಪತ್ತಿನಲ್ಲಿ, ನಿರೀಕ್ಷಿತ ಪದಜೋಡಣೆಯಲ್ಲಿ ಬರೆಯುವವರ ಬರಹವು ಆ ಸಾಧನಗಳ ಕಣ್ಣಿಗೆ ಯಂತ್ರದಂತೆ ಕಾಣುತ್ತದೆ. ಇಂಗ್ಲಿಷಿನ ಗತಿಯೇ ಹೀಗಿರುವಾಗ ಕನ್ನಡದ ಬಗ್ಗೆ ಇಂಥ ಸಾಧನದ ಮಾತನ್ನು ನಂಬಿ ಯಾರ ಅಂಕವನ್ನೂ ಕಳೆಯಲಾಗದು.

ಆದರೆ ಸಾಧನವಿಲ್ಲದೆಯೂ ನಾವು ಪತ್ತೆದಾರರಾಗಬಲ್ಲೆವು ಎಂಬುದು ಹೆಚ್ಚು ಚಿಂತೆಯ ಸಂಗತಿ. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಮನೆಯಲ್ಲಿ ಮೊದಲಿಗಳಾಗಿ ಕಾಲೇಜಿನ ಮೆಟ್ಟಿಲೇರಿದ ವಿದ್ಯಾರ್ಥಿನಿಯೊಬ್ಬಳು ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡದಲ್ಲಿ ಸಂಪ್ರಬಂಧ ಬರೆದು ತಂದಾಗ, ‘ಇದು ನಿನ್ನದೇ?’ ಎಂಬ ಪ್ರಶ್ನೆ ಅಧ್ಯಾಪಕರ ಕೊಠಡಿಯಲ್ಲಿ ಎದ್ದುದನ್ನು ನಾವು ಕಂಡಿದ್ದೇವೆ. ಆಕೆ ತನ್ನ ಕರಡುಪುಟಗಳನ್ನು ತಂದು ತೋರಿಸಬೇಕಾಯಿತು. ನಗರದ ಶಾಲೆಯಿಂದ ಬಂದವರಿಗೆ ಆ ಪ್ರಶ್ನೆ ಎದುರಾಗಲಿಲ್ಲ. ಒಳ್ಳೆಯ ಬರಹವನ್ನು ಯಾರಿಂದ ನಿರೀಕ್ಷಿಸುತ್ತೇವೆ, ಯಾರಿಂದ ನಿರೀಕ್ಷಿಸುವುದಿಲ್ಲ ಎಂಬ ನಮ್ಮ ಪೂರ್ವಗ್ರಹವೇ ಇಲ್ಲಿ ಪತ್ತೆಸಾಧನವಾಗಿ ಕೆಲಸ ಮಾಡುತ್ತದೆ. ಅನುಮಾನವನ್ನು ಅವಲಂಬಿಸಿದ ಮೌಲ್ಯಮಾಪನದ ಹೊರೆ ಯಾರ ಮೇಲೆ ಬೀಳುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಯಂತ್ರವನ್ನು ನಿಷೇಧಿಸದೆ, ಪತ್ತೆಹಚ್ಚದೆ ಸುಮ್ಮನೆ ಬಿಟ್ಟುಬಿಡಬಹುದೇ ಎಂಬುದು ಮುಂದಿನ ಪ್ರಶ್ನೆ. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳೊಡನೆ ಗಣಿತದ ಅಭ್ಯಾಸವನ್ನು ಕುರಿತು ನಡೆದ ಪ್ರಯೋಗವು 2025ರಲ್ಲಿ ಪ್ರಕಟವಾಗಿದೆ. ಸಾಮಾನ್ಯ ಸಂವಾದಯಂತ್ರವನ್ನು ಬಳಸಿದವರ ಅಭ್ಯಾಸದ ಅಂಕಗಳು ಶೇ. 48ರಷ್ಟು ಏರಿದವು, ಯಂತ್ರವನ್ನು ಹಿಂತೆಗೆದುಕೊಂಡು ಪರೀಕ್ಷಿಸಿದಾಗ ಅದೇ ಗುಂಪು, ಯಂತ್ರವನ್ನು ಕಾಣದವರಿಗಿಂತ ಶೇ. 17ರಷ್ಟು ಕಡಮೆ ಅಂಕ ಪಡೆಯಿತು. ಉತ್ತರವನ್ನು ನೇರವಾಗಿ ಹೇಳದೆ ಸುಳಿವು ಮಾತ್ರ ಕೊಡುವಂತೆ ರೂಪಿಸಿದ ಯಂತ್ರವನ್ನು ಬಳಸಿದವರಲ್ಲಿ ಈ ಕುಸಿತ ಬಹುತೇಕ ಕಾಣಲಿಲ್ಲ. ಗಣಿತದ ಫಲಿತವನ್ನು ವ್ಯಾಕರಣಕ್ಕೆ ಹಾಗೆಯೇ ಹೊಂದಿಸುವುದು ಸರಿಯಾಗದು. ಆದರೂ ಸಂಧಿ ಬಿಡಿಸುವುದನ್ನು ಯಂತ್ರದಿಂದ ಮಾಡಿಸಿಕೊಂಡವನಿಗೆ ಸಂಧಿ ಬಿಡಿಸಲು ಬರುವುದಿಲ್ಲವೆಂದು ತಿಳಿಯಲು ನಮಗೆ ದೊಡ್ಡ ಪ್ರಯೋಗವೇನೂ ಬೇಕಿಲ್ಲ.

ಇಲ್ಲದ ಪದಗಳಿಗೆ ವಿಭಕ್ತಿ ಹಚ್ಚುವುದು

ಚತುರ್ಥಿಯ ಪ್ರಶ್ನೆಗೆ ಮರಳೋಣ. ಶಾಲಾ ವ್ಯಾಕರಣವು ಗೆ, ಇಗೆ, ಕ್ಕೆ ಎಂಬ ಪ್ರತ್ಯಯಗಳನ್ನು ಪಟ್ಟಿಮಾಡುತ್ತದೆ. ಊರು ಎಂಬುದು ಊರಿಗೆ ಆಗುವಾಗ ಲೋಪಸಂಧಿ, ಗುರು ಎಂಬುದು ಗುರುವಿಗೆ ಆಗುವಾಗ ಆಗಮಸಂಧಿ ಎಂದು ಹೆಸರಿಸುತ್ತದೆ. ಎಲ್ಲಿ ಲೋಪ, ಎಲ್ಲಿ ಆಗಮ ಎಂಬುದನ್ನು ಮಾತ್ರ ಅದು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಕನ್ನಡಿಗರಿಗೆ ಅದು ಗೊತ್ತೇ ಇದೆ. ಆದರೆ ಗೊತ್ತಿರುವುದು ಏನು?

ಇಂಗ್ಲಿಷ್ ಮಕ್ಕಳ ಬಹುವಚನ ಜ್ಞಾನವನ್ನು ಪರೀಕ್ಷಿಸಲು ಜೀನ್ ಬರ್ಕೊ 1958ರಲ್ಲಿ ನಿಘಂಟಿನಲ್ಲಿಲ್ಲದ ಪದಗಳನ್ನು ಬಳಸಿದ್ದರು. ‘ವಗ್’ ಎಂಬ ಕಲ್ಪಿತ ಪ್ರಾಣಿಯ ಚಿತ್ರ ತೋರಿಸಿ, ಅಂಥವು ಎರಡಿದ್ದರೆ ಏನೆನ್ನುವೆ ಎಂದು ಕೇಳುವ ಆ ಪರೀಕ್ಷೆ ಪ್ರಸಿದ್ಧವಾಗಿದೆ. ನಾವು ಅದನ್ನು ಕನ್ನಡಕ್ಕೆ ಹೊಂದಿಸಿಕೊಂಡು, ತರಗತಿಯಲ್ಲಿ ಮೊಬೈಲುಗಳನ್ನು ಚೀಲದೊಳಗಿಡಿಸಿ, ‘ಮಿಬು’ ಮತ್ತು ‘ಮೀಬು’ ಎಂಬ ಎರಡು ಪದಗಳನ್ನು ಹಲಗೆಯ ಮೇಲೆ ಬರೆಯುತ್ತೇವೆ. ಎರಡೂ ವಸ್ತುಗಳ ಹೆಸರು. ಅವಕ್ಕೆ ಬಣ್ಣ ಬಳಿಯಬೇಕಾಗಿದೆ, ವಾಕ್ಯ ಪೂರ್ಣಗೊಳಿಸಿ. ‘ಮಿಬುವಿಗೆ’ ಎಂಬ ಉತ್ತರವೂ ‘ಮೀಬಿಗೆ’ ಎಂಬ ಉತ್ತರವೂ ತಡವಿಲ್ಲದೆ ಬರುತ್ತವೆ. ಯಾರೂ ಕಲಿಸದ, ಯಾವ ಪುಸ್ತಕದಲ್ಲೂ ಇಲ್ಲದ ಪದಗಳಿಗೆ ಎರಡು ಬೇರೆ ರೂಪಗಳು ಹೇಗೆ ಬಂದವು ಎಂಬ ಅಚ್ಚರಿಯಿಂದಲೇ ಪಾಠ ಆರಂಭವಾಗುತ್ತದೆ.

ಮುಂದಿನದನ್ನು ವಿದ್ಯಾರ್ಥಿಗಳು ತಾವೇ ಕಟ್ಟಿಕೊಳ್ಳುತ್ತಾರೆ. ಹಸು, ಮಗು, ಕರು ಇವೆಲ್ಲ ಎರಡು ಹ್ರಸ್ವಾಕ್ಷರಗಳ ಪದಗಳು. ಇಲ್ಲಿ ಉಕಾರ ಉಳಿಯುತ್ತದೆ, ವಕಾರ ಬರುತ್ತದೆ. ಊರು, ಕಾಡು, ಕಲ್ಲು, ಕಣ್ಣು ಇವುಗಳ ಮೊದಲಕ್ಷರ ದೀರ್ಘ ಅಥವಾ ಒತ್ತಕ್ಷರದ ಹಿಂದಿನದು. ಇಲ್ಲಿ ಉಕಾರ ಬಿದ್ದುಹೋಗುತ್ತದೆ. ಹೆಸರು, ಬಿಸಿಲು ಎಂಬ ಮೂರಕ್ಷರದ ಪದಗಳಲ್ಲೂ ಬೀಳುತ್ತದೆ. ಯಾರೋ ಒಬ್ಬರು ‘ವಸ್ತು’ ಎನ್ನುತ್ತಾರೆ. ಮೊದಲಕ್ಷರ ಒತ್ತಕ್ಷರದ ಹಿಂದಿನದೇ ಆದರೂ ವಸ್ತುವಿಗೆ ಎನ್ನುತ್ತೇವೆ, ವಸ್ತಿಗೆ ಎನ್ನುವುದಿಲ್ಲ. ಕತ್ತು ಎಂಬುದಾದರೋ ಕತ್ತಿಗೆ ಆಗುತ್ತದೆ. ಬಿಂದು, ಧಾತು, ಸಾಧು ಎಂದು ಪಟ್ಟಿ ಬೆಳೆದಂತೆ ಸಂಸ್ಕೃತದಿಂದ ಬಂದ ಪದಗಳು ತಮ್ಮ ಉಕಾರವನ್ನು ಬಿಟ್ಟುಕೊಡುವುದಿಲ್ಲವೆಂಬುದು ತಿಳಿಯುತ್ತದೆ. ಹಾಗಿದ್ದರೆ ‘ಅದು’ ಏಕೆ ಅದಕ್ಕೆ ಆಗುತ್ತದೆ? ‘ಆರು’ ಏಕೆ ಆರಕ್ಕೆ? ಸರ್ವನಾಮ, ಸಂಖ್ಯಾವಾಚಕಗಳು ಬೇರೆ ವರ್ಗ ಎಂಬ ಮಾತು ಬರುವ ಹೊತ್ತಿಗೆ ಗಂಟೆ ಬಾರಿಸಿರುತ್ತದೆ.

ಹಳಗನ್ನಡದ ಪಾಠ ಇಲ್ಲಿ ಸಹಜವಾಗಿ ಕೂಡಿಕೊಳ್ಳುತ್ತದೆ. ಊರ್, ಕಲ್, ಕಣ್ ಎಂಬ ವ್ಯಂಜನಾಂತ ಪ್ರಕೃತಿಗಳನ್ನು ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಓದಿ ಮರೆತಿದ್ದವರಿಗೆ, ಹೊಸಗನ್ನಡದ ‘ಊರು’ವಿನ ಕೊನೆಯ ಉಕಾರವು ಉಚ್ಚಾರಣೆಯ ಅನುಕೂಲಕ್ಕೆ ಬಂದು ಸೇರಿದ್ದು, ಪ್ರಕೃತಿಯ ಭಾಗವಲ್ಲ, ಎಂಬುದು ಆಗ ಹೊಳೆಯುತ್ತದೆ. ಹಾಗೆ ನೋಡಿದರೆ ಅಲ್ಲಿ ಲೋಪವಾಗುವುದಾದರೂ ಏನು? ಡಿ.ಎನ್. ಶಂಕರ ಭಟ್ಟರು ಕನ್ನಡಕ್ಕೆ ಸಂಸ್ಕೃತ ವ್ಯಾಕರಣದ ಚೌಕಟ್ಟನ್ನು ಹೊಂದಿಸುವುದರ ಬಗ್ಗೆ ಎತ್ತಿದ ಆಕ್ಷೇಪಗಳನ್ನು ಓದಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ನಮಗೆ ದೊರೆತಿಲ್ಲ.

ಇಷ್ಟಾದ ಮೇಲೆ ಮೊಬೈಲುಗಳನ್ನು ಹೊರತೆಗೆಯಿಸುತ್ತೇವೆ. ಅದೇ ಕಲ್ಪಿತ ಪದಗಳನ್ನು, ಅವುಗಳ ಜೊತೆಗೆ ಸಿನಿಮಾ, ಕ್ಯಾಮೆರಾ, ಅಮೆರಿಕಾ ಎಂಬ ಆಗಂತುಕ ಪದಗಳನ್ನು ಸಂವಾದಯಂತ್ರಕ್ಕೆ ಕೊಡುವುದು ಎರಡನೆಯ ಗಂಟೆಯ ಕೆಲಸ. ಸಿನಿಮಾಕ್ಕೆ ಅಥವಾ ಸಿನಿಮಾಗೆ, ಇವೆರಡರಲ್ಲಿ ಯಾವುದು ಸರಿ ಎಂಬುದರಲ್ಲಿ ತರಗತಿಯಲ್ಲೇ ಒಮ್ಮತವಿಲ್ಲ. ಮಾತಿನಲ್ಲಿ ಮಗುಗೆ, ಹಸುಗೆ ಎನ್ನುವವರೂ ಇದ್ದಾರೆ. ಯಂತ್ರ ಒಂದನ್ನು ಆರಿಸಿಕೊಂಡು ನಿಯಮವೊಂದನ್ನು ದೃಢವಾದ ದನಿಯಲ್ಲಿ ಹೇಳುತ್ತದೆ. ಅದನ್ನೇ ಇನ್ನೊಮ್ಮೆ ಕೇಳಿದರೆ ಬೇರೆ ಉತ್ತರ ಬರುವುದುಂಟು, ಏಕೆಂದರೆ ಅದರ ಪ್ರತಿ ಪದವೂ ಸಂಭವನೀಯತೆಯ ಆಧಾರದ ಮೇಲೆ ಆಯ್ಕೆಯಾಗುತ್ತದೆ. ‘ಹಾಗಾದರೆ ಇದರ ವ್ಯಾಕರಣ ಯಾವುದು, ಮೊದಲಿನದೋ ಎರಡನೆಯದೋ?’ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಭಾಷಾಸಾಮರ್ಥ್ಯ ಮತ್ತು ಭಾಷಾಪ್ರಯೋಗಗಳ ನಡುವೆ ಚಾಮ್‌ಸ್ಕಿ 1965ರಲ್ಲಿ ಮಾಡಿದ ಭೇದವನ್ನು ನಾವು ಹಲವು ವರ್ಷ ಪಾಠಮಾಡಿದ್ದೇವೆ. ಆ ಪ್ರಶ್ನೆಯಷ್ಟು ಚೆನ್ನಾಗಿ ಅದನ್ನು ಯಾರೂ ಮುಂದಿಟ್ಟಿರಲಿಲ್ಲ.

ಈ ಪಾಠದಿಂದ ಹುಟ್ಟುವ ಬರಹವನ್ನು ಯಂತ್ರದಿಂದ ಬರೆಯಿಸಿಕೊಳ್ಳುವುದು ಕಷ್ಟ. ತರಗತಿಯಲ್ಲಿ ಯಾರು ಏನೆಂದರು, ಎಷ್ಟು ಮಂದಿ ಮಗುಗೆ ಎಂದರು, ತನ್ನ ತೀರ್ಮಾನ ಯಾವ ಉದಾಹರಣೆಯಿಂದ ಬದಲಾಯಿತು ಎಂಬುದು ಅದಕ್ಕೆ ತಿಳಿದಿಲ್ಲ.

ಅಕ್ಷರ, ಆಕೃತಿಮಾ, ಟೋಕನ್

ಯಂತ್ರವು ಕನ್ನಡವನ್ನು ಹೇಗೆ ಓದುತ್ತದೆ ಎಂಬುದನ್ನೂ ಪಠ್ಯದ ಭಾಗವಾಗಿಸಬೇಕೆಂದು ನಮಗೆ ತೋರಿತು. ಇದನ್ನು ಗಣಕವಿಜ್ಞಾನದವರಿಗೆ ಬಿಟ್ಟುಬಿಡುವುದು ರೂಢಿ. ಆದರೆ ಇದರೊಳಗೆ ಲಿಪಿ, ಧ್ವನಿಮಾ, ಆಕೃತಿಮಾಗಳ ಭೇದವನ್ನು ಕಲಿಸುವ ಅತ್ಯುತ್ತಮ ಸಾಮಗ್ರಿಯಿದೆ.

‘ಹೋಗುತ್ತಿದ್ದಾನೆ’ ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳಿ. ಕನ್ನಡಿಗರ ಕಣ್ಣಿಗೆ ಇದರಲ್ಲಿರುವುದು ಐದು ಅಕ್ಷರ. ಯೂನಿಕೋಡಿನಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆಗಳಿಗೆ ಪ್ರತ್ಯೇಕ ಸಂಕೇತಗಳಿರುವುದರಿಂದ ಇದು 14 ಸಂಕೇತಗಳ ಸಾಲಾಗುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ಅಲ್ಲಿಗೆ 42 ಬೈಟ್. ಇಂಗ್ಲಿಷಿನ ‘ಹೀ ಈಸ್ ಗೋಯಿಂಗ್’ ಎಂಬ ಪೂರ್ಣ ವಾಕ್ಯ, ನಡುವಣ ತೆರಪುಗಳೂ ಸೇರಿ, ರೋಮನ್ ಲಿಪಿಯಲ್ಲಿ 11 ಬೈಟ್. ಭಾಷಾಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದುಕೊಳ್ಳುತ್ತವೆ. ತರಬೇತಿಯ ಪಠ್ಯದಲ್ಲಿ ಪದೇಪದೇ ಒಟ್ಟಿಗೆ ಬರುವ ಬೈಟುಗಳು ಕೂಡಿ ದೊಡ್ಡ ತುಣುಕಾಗುತ್ತವೆ, ಅಪರೂಪದವು ಚಿಕ್ಕ ಚೂರುಗಳಾಗಿಯೇ ಉಳಿಯುತ್ತವೆ. ತರಬೇತಿಯ ಪಠ್ಯದಲ್ಲಿ ಇಂಗ್ಲಿಷಿನ ಪಾಲೇ ಹೆಚ್ಚಾಗಿರುವುದರಿಂದ ಇಂಗ್ಲಿಷ್ ಪದ ಇಡಿಯಾಗಿ ಒಂದು ಟೋಕನ್ ಆಗುವಲ್ಲಿ ಕನ್ನಡ ಪದ ಹಲವು ಚೂರಾಗುತ್ತದೆ. ಈಚಿನ ಮಾದರಿಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ. ಅಂತರ ಪೂರ್ತಿ ಅಳಿದಿಲ್ಲ. ಬಳಕೆಯ ಶುಲ್ಕವನ್ನು ಟೋಕನ್ ಲೆಕ್ಕದಲ್ಲಿ ವಿಧಿಸುವಲ್ಲಿ ಒಂದೇ ವಿಷಯವನ್ನು ಕನ್ನಡದಲ್ಲಿ ಹೇಳುವವರು ಹೆಚ್ಚು ತೆರಬೇಕಾಗುತ್ತದೆಂಬುದನ್ನು ಇಲ್ಲಿ ಹೇಳಿಯೇ ಮುಂದುವರಿಯಬೇಕು.

ನಮಗೆ ಮುಖ್ಯವಾದದ್ದು ಈ ಚೂರುಗಳ ಗಡಿ. ‘ಊರಲ್ಲಿ’ ಎಂಬ ಪದದಲ್ಲಿ ಪ್ರಕೃತಿ ಎಲ್ಲಿ ಮುಗಿದು ಪ್ರತ್ಯಯ ಎಲ್ಲಿ ಆರಂಭವಾಗುತ್ತದೆ? ಊರ್ ಎಂಬುದು ಪ್ರಕೃತಿ, ಅಲ್ಲಿ ಎಂಬುದು ಪ್ರತ್ಯಯ. ಗಡಿ ಬೀಳುವುದು ‘ರ’ ಎಂಬ ಅಕ್ಷರದ ಒಳಗೆ. ಅದರ ವ್ಯಂಜನಭಾಗ ಪ್ರಕೃತಿಗೆ ಸೇರಿದ್ದು, ಅಂತರ್ಗತವಾದ ಅಕಾರ ಪ್ರತ್ಯಯಕ್ಕೆ ಸೇರಿದ್ದು. ಯೂನಿಕೋಡಿನಲ್ಲಿ ‘ರ’ ಒಂದೇ ಸಂಕೇತ. ಅದನ್ನು ಎರಡಾಗಿ ಸೀಳುವ ಸ್ಥಳವೇ ಅಲ್ಲಿಲ್ಲ. ಎಂದರೆ ಕನ್ನಡದ ಬಹು ಸಾಮಾನ್ಯವಾದ ಪದರಚನೆಯೊಂದರ ಸಂದುಗೆರೆಯನ್ನು ಯಾವ ಟೋಕನ್ ವಿಧಾನವೂ ಲಿಪಿಯ ಮೇಲೆ ಎಳೆಯಲಾರದು. ಇದರಿಂದ ಯಂತ್ರಕ್ಕೆ ಸಪ್ತಮಿಯನ್ನು ಬಳಸಲು ಬರುವುದಿಲ್ಲವೆಂದು ತಿಳಿಯಬಾರದು, ಚೆನ್ನಾಗಿಯೇ ಬಳಸುತ್ತದೆ. ಬಳಕೆಗೂ ವಿಶ್ಲೇಷಣೆಗೂ ಇರುವ ಅಂತರವನ್ನು ತೋರಿಸಲು ಇದು ತಕ್ಕ ನಿದರ್ಶನ. ಸಂಧಿ ಬಿಡಿಸಲು ಹೇಳಿದಾಗ ಯಂತ್ರ ‘ಊರ + ಅಲ್ಲಿ’ ಎಂದು ಬರೆದರೆ, ಅದು ತಪ್ಪೆಂದು ಗುರುತಿಸುವುದರ ಜೊತೆಗೆ ಅಂಥ ತಪ್ಪಿಗೆ ಲಿಪಿ ಹೇಗೆ ಎಡೆಮಾಡಿಕೊಡುತ್ತದೆ ಎಂಬುದನ್ನೂ ವಿದ್ಯಾರ್ಥಿ ವಿವರಿಸಬೇಕು. ಅಕ್ಷರವೆಂದರೆ ಧ್ವನಿಮಾ ಅಲ್ಲ ಎಂಬ ಮಾತನ್ನು ಮೊದಲ ಸೆಮಿಸ್ಟರಿನಿಂದ ಉರುಹೊಡೆದಿದ್ದವರು ಅದನ್ನು ಬಳಸಿ ಒಂದು ಕಾರಣವನ್ನು ಕಂಡುಕೊಳ್ಳುವುದು ಇಲ್ಲಿ.

ಯಂತ್ರದ ಗದ್ಯಶೈಲಿಯನ್ನು ಕುರಿತು ಒಂದು ಮಾತು. ‘ಮಹತ್ವದ ಪಾತ್ರವನ್ನು ವಹಿಸುತ್ತದೆ’, ‘ಗಮನಿಸುವುದು ಮುಖ್ಯವಾಗಿದೆ’, ‘ಬಳಸಲ್ಪಡುತ್ತದೆ’ ಮುಂತಾದ ಪ್ರಯೋಗಗಳನ್ನು ವಿದ್ಯಾರ್ಥಿಗಳು ಈಗ ಯಂತ್ರಗನ್ನಡವೆಂದು ನಗುತ್ತಾರೆ. ಅವರಿಗೆ ಇಪ್ಪತ್ತು ಮೂವತ್ತು ವರ್ಷ ಹಿಂದಿನ ಸರ್ಕಾರಿ ಸುತ್ತೋಲೆಗಳನ್ನೂ ಕೆಲವು ಪಠ್ಯಪುಸ್ತಕಗಳನ್ನೂ ಓದಲು ಕೊಡುತ್ತೇವೆ. ಯಂತ್ರ ಕಲಿತದ್ದು ಯಾರಿಂದ ಎಂಬುದು ಆಗ ಗೊತ್ತಾಗುತ್ತದೆ.

ಮನೆಮಾತಿನ ದಾಖಲೆ

ಉಪಭಾಷಾವಿಜ್ಞಾನದ ಪತ್ರಿಕೆಯಲ್ಲಿ ಸಂಪ್ರಬಂಧವನ್ನು ಪೂರ್ತಿಯಾಗಿ ಕೈಬಿಟ್ಟಿದ್ದೇವೆ. ಅದರ ಬದಲು ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಊರಿನ ಹಿರಿಯರೊಬ್ಬರ ಮಾತನ್ನು ಹತ್ತು ನಿಮಿಷ ದಾಖಲಿಸಿ, ಅದರಲ್ಲಿ ಎರಡು ನಿಮಿಷವನ್ನು ಕೇಳಿದಂತೆ ಲಿಪ್ಯಂತರಿಸಿ, ಒಂದು ವ್ಯಾಕರಣಾಂಶವನ್ನು ಮಾತ್ರ ಆರಿಸಿಕೊಂಡು ವಿವರಿಸಬೇಕು. ಎರಡು ನಿಮಿಷವೆಂದರೆ ಸ್ವಲ್ಪವೆನಿಸಬಹುದು. ಮಾತನ್ನು ನಿಲ್ಲಿಸಿ ನಿಲ್ಲಿಸಿ ಕೇಳಿ ಬರೆದವರಿಗೆ ಅದರ ಉದ್ದ ತಿಳಿಯುತ್ತದೆ.

2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರು ಸುಮಾರು 4.37 ಕೋಟಿ. ಇವರೆಲ್ಲರ ಮಾತು ಒಂದೇ ಅಲ್ಲ. ಅಚ್ಚಾಗುವ ಕನ್ನಡ ಮಾತ್ರ ಬಹುಪಾಲು ಒಂದೇ. ದೇವನೂರ ಮಹಾದೇವರ ಕುಸುಮಬಾಲೆಯಂಥ ಕೃತಿಗಳನ್ನು ಬಿಟ್ಟರೆ ಪ್ರಾದೇಶಿಕ ನುಡಿ ಇಡಿಯಾಗಿ ಗದ್ಯಕ್ಕೆ ಬಂದದ್ದು ವಿರಳ. ಪಠ್ಯದಿಂದ ಕಲಿಯುವ ಯಂತ್ರಕ್ಕೆ ಪಠ್ಯವಾಗದ ಮಾತು ಕೇಳಿಸುವುದಿಲ್ಲ. ಚಾಮರಾಜನಗರದ ಕಡೆಯ ಅಜ್ಜಿ ‘ಓಗು’ ಎಂದರೆ ಧ್ವನಿಯನ್ನು ಬರಹಕ್ಕಿಳಿಸುವ ಸಾಧನವು ‘ಹೋಗು’ ಎಂದು ಬರೆದುಕೊಳ್ಳುವುದನ್ನು, ಧಾರವಾಡದ ‘ಮನಿ’ಯನ್ನು ‘ಮನೆ’ಯಾಗಿಸುವುದನ್ನು ವಿದ್ಯಾರ್ಥಿಗಳು ಹಲವು ಸಲ ತೋರಿಸಿದ್ದಾರೆ. ಬಳಕೆದಾರನಿಗೆ ಇದು ಅನುಕೂಲ. ಉಪಭಾಷಾವಿಜ್ಞಾನಿಗೆ ದತ್ತಾಂಶವೇ ಅಳಿದುಹೋದಂತೆ. ಆದ್ದರಿಂದ ಯಂತ್ರದ ಲಿಪ್ಯಂತರ, ತಮ್ಮ ಕಿವಿಯ ಲಿಪ್ಯಂತರ ಎರಡನ್ನೂ ಎದುರುಬದುರು ಇಟ್ಟು, ವ್ಯತ್ಯಾಸ ಬಂದ ಪ್ರತಿ ಸ್ಥಳವನ್ನೂ ವರ್ಗೀಕರಿಸುವುದೇ ಈಗ ಕಾರ್ಯದ ಎರಡನೆಯ ಹಂತವಾಗಿದೆ. ಹಕಾರಲೋಪ, ಪದಾಂತ್ಯದ ಸ್ವರಭೇದ ಮೊದಲಾದವು ಈ ಪಟ್ಟಿಯಿಂದಲೇ ಮೇಲೆದ್ದು ಬರುತ್ತವೆ. ಯಂತ್ರದ ತಪ್ಪು ಇಲ್ಲಿ ಒಂದು ಬಗೆಯ ಭೂತಗನ್ನಡಿ.

ಹವ್ಯಕ ಕನ್ನಡವನ್ನಾಡುವ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳ ದಾಖಲೆ ನಮ್ಮ ನೆನಪಿನಲ್ಲಿ ಉಳಿದಿದೆ. ಆ ನುಡಿಯಲ್ಲಿ ಹೆಂಗಸರನ್ನು ಕುರಿತು ಹೇಳುವಾಗ ಏಕವಚನದಲ್ಲಿ ನಪುಂಸಕದ ಕ್ರಿಯಾರೂಪವೇ ಬರುತ್ತದೆ. ‘ಅಬ್ಬೆ ಬಂತು’ ಎಂದರೆ ತಾಯಿ ಬಂದಳು ಎಂದರ್ಥ. ಆಕೆ ತನ್ನ ಲಿಪ್ಯಂತರವನ್ನು ಪರಿಶೀಲಿಸುವಂತೆ ಸಂವಾದಯಂತ್ರಕ್ಕೆ ಕೊಟ್ಟಿದ್ದಳು. ಅದು ಲಿಂಗದೋಷವೆಂದು ಗುರುತಿಸಿ, ಅಂಥ ಪ್ರತಿ ವಾಕ್ಯವನ್ನೂ ‘ಬಂದಳು’ ಎಂದು ತಿದ್ದಿತ್ತು. ಒಪ್ಪಿಸಿದ ಪ್ರತಿಯಲ್ಲಿ ತಿದ್ದಿದ ರೂಪಗಳೇ ಇದ್ದವು. ‘ಧ್ವನಿಯಲ್ಲಿ ಬೇರೆ ಕೇಳಿಸುತ್ತದಲ್ಲ’ ಎಂದು ಕೇಳಿದಾಗ, ‘ನಾವು ಮನೆಯಲ್ಲಿ ತಪ್ಪು ಮಾತನಾಡುತ್ತೇವೆ’ ಎಂಬ ಉತ್ತರ ಬಂತು. ಹೀಗೆ ಹೇಳುವುದನ್ನು ಆಕೆ ಯಂತ್ರದಿಂದ ಕಲಿಯಲಿಲ್ಲ. ಪ್ರಾಥಮಿಕ ಶಾಲೆಯಿಂದಲೇ ಕಲಿತಿದ್ದಳು. ಹೊಸತೆಂದರೆ, ಹಿಂದೆ ವರ್ಷಕ್ಕೊಮ್ಮೆ ತಿದ್ದುತ್ತಿದ್ದ ಮೇಷ್ಟರ ಜಾಗದಲ್ಲಿ ಈಗ ಹಗಲಿರುಳು ತಿದ್ದುವ, ಎಂದೂ ಬೇಸರಿಸದ ಸಾಧನವೊಂದು ಕೈಯಲ್ಲೇ ಇದೆ. ಆಕೆಯ ‘ತಪ್ಪು’ ಕನ್ನಡದ ಲಿಂಗವ್ಯವಸ್ಥೆಯನ್ನು ಅರಿಯಲು ಅಮೂಲ್ಯವಾದ ಸಾಕ್ಷ್ಯ. ಹೆಂಗಸರ ಉಲ್ಲೇಖವನ್ನು ಏಕವಚನದಲ್ಲಿ ನಪುಂಸಕದೊಡನೆ ಸೇರಿಸುವ ಪದ್ಧತಿ ತೆಲುಗು ಮೊದಲಾದ ಇತರ ದ್ರಾವಿಡ ಭಾಷೆಗಳಲ್ಲೂ ಇದೆ. ಆಕೆ ಪ್ರತಿಯನ್ನು ಹಿಂದಕ್ಕೆ ಪಡೆದು, ತಿದ್ದಿದ್ದನ್ನೆಲ್ಲ ಮರಳಿ ತಿದ್ದಿ, ಎಲ್ಲಿ ನಪುಂಸಕ, ಎಲ್ಲಿ ಬಹುವಚನ ಎಂಬ ಪಟ್ಟಿಯೊಡನೆ ಎರಡು ವಾರಗಳ ನಂತರ ಒಪ್ಪಿಸಿದಳು. ಅಜ್ಜಿಯರನ್ನು ಕುರಿತು ಬಹುವಚನ ಬರುವ ಸಂದರ್ಭಗಳು ಯಾವುವೆಂದು ನಾವು ಕೇಳಿರಲಿಲ್ಲ, ಆಕೆಯೇ ಕೇಳಿಕೊಂಡಿದ್ದಳು.

ಇಂಥ ಕಾರ್ಯಕ್ಕೆ ಒಪ್ಪಿಗೆಯ ಪ್ರಶ್ನೆ ಅಂಟಿಕೊಂಡೇ ಬರುತ್ತದೆ. ಅಜ್ಜಿಯ ದನಿ ಯಾವುದೋ ಕಂಪನಿಯ ಸರ್ವರಿಗೆ ಹೋಗುವುದಾದರೆ ಅಜ್ಜಿಗೆ ಅದು ತಿಳಿದಿರಬೇಕು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆಯಾದರೂ ನಮ್ಮ ಕ್ಷೇತ್ರಕಾರ್ಯದ ಕೈಪಿಡಿಗಳು ಇದನ್ನಿನ್ನೂ ಒಳಗೊಂಡಿಲ್ಲ. ಯಂತ್ರಕ್ಕೆ ಕೊಡುವ ಧ್ವನಿತುಣುಕಿನಲ್ಲಿ ಹೆಸರು, ಊರು, ಮನೆಯ ಜಗಳ ಯಾವುದೂ ಇರಬಾರದೆಂದೂ, ಕೊಡುವ ಮುನ್ನ ಮಾತನಾಡಿದವರಿಗೆ ಅವರ ಭಾಷೆಯಲ್ಲೇ ವಿವರಿಸಿ ಒಪ್ಪಿಗೆಯನ್ನೂ ದಾಖಲಿಸಬೇಕೆಂದೂ ನಿಯಮ ಮಾಡಿಕೊಂಡಿದ್ದೇವೆ. ಬೇಡವೆಂದವರ ಮೊಮ್ಮಕ್ಕಳು ಎರಡನೆಯ ಹಂತವನ್ನು ಬಿಟ್ಟು, ಮೊದಲನೆಯದನ್ನೇ ನಾಲ್ಕು ನಿಮಿಷಕ್ಕೆ ವಿಸ್ತರಿಸುತ್ತಾರೆ.

ಅನುವಾದದ ನೆರವು, ಮೌಖಿಕದ ಲೆಕ್ಕ

ಯಂತ್ರವನ್ನು ನಾವೇ ಬಳಸಲು ಹೇಳುವ ಸಂದರ್ಭವೂ ಒಂದಿದೆ. ಭಾಷಾವಿಜ್ಞಾನದ ಮೂಲಗ್ರಂಥಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಿಂದ ಬಂದವರು ಇದುವರೆಗೆ ನಮ್ಮ ಟಿಪ್ಪಣಿಗಳನ್ನೇ ನಂಬಬೇಕಾಗಿತ್ತು. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಇಂಡಿಕ್‌ಟ್ರಾನ್ಸ್2 ಅನುವಾದ ಮಾದರಿ ಕನ್ನಡವೂ ಸೇರಿ 22 ಅನುಸೂಚಿತ ಭಾಷೆಗಳನ್ನು ಒಳಗೊಂಡಿದೆ. ಇಂಥ ಸಾಧನಗಳ ನೆರವಿನಿಂದ ಒಂದು ಅಧ್ಯಾಯವನ್ನು ಮೊದಲು ಕನ್ನಡದಲ್ಲಿ ಓದಿ, ನಂತರ ಮೂಲಕ್ಕೆ ಹೋಗುವುದು ಸಾಧ್ಯವಾಗಿದೆ. ಪರಿಭಾಷೆಯಲ್ಲಿ ಮಾತ್ರ ಎಡವುತ್ತಾರೆ. ಒಂದೇ ಪರಿಕಲ್ಪನೆ ಒಂದು ಪುಟದಲ್ಲಿ ಧ್ವನಿಮಾ, ಮುಂದಿನ ಪುಟದಲ್ಲಿ ಫೋನೀಮ್, ಆಮೇಲೆ ಬರಿಯ ಧ್ವನಿ. ಈ ಗೊಂದಲಕ್ಕೆ ಯಂತ್ರವನ್ನು ದೂರುವ ಮುನ್ನ ನಮ್ಮ ಪಾರಿಭಾಷಿಕ ಪದಕೋಶಗಳು ಎಷ್ಟು ಬಗೆಯಾಗಿವೆ ಎಂಬುದನ್ನು ನೋಡಿಕೊಳ್ಳಬೇಕು.

ಉಳಿದಿರುವುದು ಸಮಯದ ಪ್ರಶ್ನೆ. ಬರೆದುದನ್ನು ಕುರಿತು ವಿದ್ಯಾರ್ಥಿಯೊಡನೆ ಮುಖಾಮುಖಿ ಮಾತನಾಡುವುದು ಒಳ್ಳೆಯದೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅರವತ್ತು ಮಂದಿಯ ತರಗತಿಯಲ್ಲಿ ಅದು ಆಗುವ ಮಾತಲ್ಲ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿದೆವು. ಒಬ್ಬರಿಗೆ ಎಂಟು ನಿಮಿಷವೆಂದರೆ 480 ನಿಮಿಷ, ಅಂದರೆ ಎಂಟು ಗಂಟೆ. ಅರವತ್ತು ಸಂಪ್ರಬಂಧಗಳನ್ನು ತಲಾ ಹದಿನೈದು ನಿಮಿಷ ಓದಿ ಷರಾ ಬರೆದರೆ ಹದಿನೈದು ಗಂಟೆ. ಓದದೆ ಅಂಕ ಕೊಡುವ ಪದ್ಧತಿಯಿದ್ದರೆ ಈ ಹೋಲಿಕೆ ನಿಲ್ಲುವುದಿಲ್ಲ, ಅದು ಬೇರೆ ಮಾತು. ವಾರಕ್ಕೆ ಎರಡು ಮೂರು ಕಾಲೇಜು ಸುತ್ತುವ ಅತಿಥಿ ಉಪನ್ಯಾಸಕರಿಗೆ ಮಾತ್ರ ಆ ಎಂಟು ಗಂಟೆಯೂ ಭಾರವೇ. ತರಗತಿಯ ಅವಧಿಯಲ್ಲೇ ಮೌಖಿಕಕ್ಕೆ ಅವಕಾಶ ಕೊಟ್ಟು, ಅದನ್ನು ಕಾರ್ಯಭಾರದಲ್ಲಿ ಲೆಕ್ಕಹಿಡಿಯದ ಹೊರತು ಇದನ್ನು ಅವರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಮೌಖಿಕದಲ್ಲಿ ಇನ್ನೊಂದು ಅಪಾಯವಿದೆ. ನಿರರ್ಗಳವಾಗಿ ಮಾತನಾಡಬಲ್ಲವರು ಗೆಲ್ಲುತ್ತಾರೆ, ಸಂಕೋಚದವರು ಸೋಲುತ್ತಾರೆ. ಪತ್ತೆಸಾಧನವನ್ನು ಬೇಡವೆಂದು ಬಿಟ್ಟು, ಅದೇ ಅನ್ಯಾಯವನ್ನು ಇನ್ನೊಂದು ಬಾಗಿಲಿನಿಂದ ಒಳಗೆ ಕರೆದಂತಾಗುತ್ತದೆ. ಅದಕ್ಕಾಗಿ ಹನ್ನೆರಡು ಪ್ರಶ್ನೆಗಳನ್ನು ಒಂದು ವಾರ ಮೊದಲೇ ಕೊಡುತ್ತೇವೆ, ಅವುಗಳಲ್ಲಿ ಎರಡನ್ನು ಕೇಳುತ್ತೇವೆ, ಇಬ್ಬಿಬ್ಬರಾಗಿ ಬರಬಹುದು, ದಾಖಲೆಯ ಪ್ರತಿಯನ್ನು ಕೈಯಲ್ಲಿ ಹಿಡಿದಿರಬಹುದು. ಉತ್ತರವನ್ನು ಗ್ರಾಂಥಿಕ ಕನ್ನಡದಲ್ಲಿ ಹೇಳಬೇಕಾಗಿಲ್ಲವೆಂದು ಪ್ರಶ್ನೆಪಟ್ಟಿಯ ಮೊದಲ ಸಾಲಿನಲ್ಲೇ ಬರೆದಿರುತ್ತೇವೆ. ಮೊದಲ ವರ್ಷ ಹೆಚ್ಚಿನವರು ಅದನ್ನು ಓದಿಯೂ ಪುಸ್ತಕದ ಕನ್ನಡದಲ್ಲೇ ತಡವರಿಸಿದರು. ಮರುವರ್ಷ ಕುಂದಾಪುರದ ಕಡೆಯಿಂದ ಬಂದ ಹುಡುಗನೊಬ್ಬ ತನ್ನ ನುಡಿಯ ‘ಹೋಯ್ಕ್’ ಎಂಬ ವಿಧ್ಯರ್ಥಕ ರೂಪವನ್ನು ಅದೇ ನುಡಿಯಲ್ಲಿ ವಿವರಿಸತೊಡಗಿದ. ಅವನ ನಂತರ ಬಂದವರು ಹೊರಗಿನ ಬೆಂಚಿನ ಮೇಲೆ ಕುಳಿತು ಅದನ್ನು ಕೇಳಿಸಿಕೊಂಡಿದ್ದರು.